ಎಲ್ಲವನ್ನೂ ಬರೆದಿಟ್ಟ ವೆನ್‌ಕಾಯ್

ವೆನ್‌ಕಾಯ್ ಆ ಗುಂಡಿ ಒತ್ತದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಚ್ಚುಕಟ್ಟು ಅನ್ನುವುದು ಒಂದು ಬಗೆಯ ತುರಿಕೆ. ಬಂದ ಮೇಲೆ ಕೆರೆದುಕೊಳ್ಳದೆ ಇರಲಾಗುವುದಿಲ್ಲ.

ಜಿಯಾಯಿ ಊರಿನಲ್ಲಿ ನೀರು ಸೋಸುವ ಯಂತ್ರ ಮಾರುವುದು, ಮಾರಿದ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ ಯಂತ್ರದ ಯೋಗಕ್ಷೇಮ ನೋಡುವುದು ಅವನ ಕೆಲಸ. ಮುನ್ನೂರು ಚಿಲ್ಲರೆ ಮನೆಗಳು. ಅಷ್ಟೂ ಮನೆಯವರ ಸುಖದುಃಖ ಅವನ ಫೋನಿನ ಡೈರಿಯಲ್ಲಿತ್ತು, ಒಬ್ಬೊಬ್ಬರ ಹೆಸರಿನ ಕೆಳಗೆ, ತಾರೀಖು ಸಮೇತ. ಮನೆಯಿಂದ ಹೊರಬಿದ್ದವನೇ ಸ್ಕೂಟರ್ ಪಕ್ಕ ನಿಂತು ಬರೆಯುತ್ತಿದ್ದ. ಮುಂದಿನ ತಿಂಗಳು ಬಾಗಿಲು ತಟ್ಟುವ ಮುಂಚೆ ಮೇಲಿನ ಸಾಲು ಓದಿಕೊಂಡು, "ಮೊಣಕಾಲು ಹೇಗಿದೆ ಈಗ?" ಎಂದು ಕೇಳಿದರೆ ಸಾಕು, ಜನ ಬೆಣ್ಣೆಯಂತೆ ಕರಗುತ್ತಿದ್ದರು. ಬರೆದಿಟ್ಟ ಮೇಲೆ ಅದನ್ನು ತಲೆಯಲ್ಲಿ ಹೊತ್ತು ತಿರುಗುವ ಗೋಜಿಲ್ಲ. ಆ ಸುಖಕ್ಕೆ ಅವನು ಒಗ್ಗಿಹೋಗಿದ್ದ.

ಜನವರಿ ಮೊದಲ ವಾರದಲ್ಲಿ 'ತಾರೀಖಿನಂತೆ ಜೋಡಿಸು, ಹೊಸದು ಮೇಲೆ' ಎಂಬ ಗುಂಡಿ ಕಣ್ಣಿಗೆ ಬಿತ್ತು. ಒತ್ತಿದ. ಊರಿನ ಎಲ್ಲರಂತೆ ಅವನೂ ಇಸವಿಯ ಬದಲು, ಗಣರಾಜ್ಯ ಹುಟ್ಟಿದಂದಿನಿಂದ ಎಣಿಸುವ ವರ್ಷವನ್ನೇ ಬರೆಯುತ್ತಿದ್ದ. ತೊಂಬತ್ತೊಂಬತ್ತು ಮುಗಿದು ಆಗಷ್ಟೇ ನೂರನೇ ವರ್ಷ ಕಾಲಿಟ್ಟಿತ್ತು. ಇನ್ನು ಮೇಲೆ ಎಲ್ಲಿ ಬರೆದರೂ ಯಂತ್ರವೇ ಜಾಗ ನೋಡಿ ಕೂರಿಸುತ್ತದೆ ಎಂದು ನೆಮ್ಮದಿಯಾಗಿ ಮಲಗಿದ.

ಚಾಂದ್ರಮಾನ ಹೊಸ ವರ್ಷದ ರಜೆ ಮುಗಿಯಿತು. ಕೆಲಸದ ಮೊದಲ ದಿನವೇ ವೆನ್‌ಕಾಯ್ ಅನಾನಸ್ ಕೇಕಿನ ಡಬ್ಬಿಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟ. ಮೊದಲು ಟರ್ಕಿ ಕೋಳಿ ಅನ್ನದ ಅಂಗಡಿಯ ಗಾನ್ ಅಮ್ಮ. ಫೋನಿನಲ್ಲಿ ಮೇಲಿನ ಸಾಲು: 'ಮಗನ ನಿಶ್ಚಿತಾರ್ಥ ಆಯಿತು, ಭಾರಿ ಖುಷಿ.'

"ಗಾನ್ ಅಮ್ಮಾ, ಮದುವೆ ಕೇಕು ಯಾವಾಗ ಕೊಡ್ತೀರಾ? ನಾನು ಇವತ್ತಿಂದಾನೇ ಹೊಟ್ಟೆ ಖಾಲಿ ಇಟ್ಕೊಂಡಿದೀನಿ!"

ಸೌಟು ಗಾಳಿಯಲ್ಲೇ ನಿಂತಿತು. ಊಟಕ್ಕೆ ಕೂತಿದ್ದವರು ತಟ್ಟೆಗಳೊಳಗೆ ಮುಖ ಹುದುಗಿಸಿದರು.

"ಆ ಹುಡುಗಿ ಬಿಟ್ಟುಹೋದಳು ಅಂತ ನಿನ್ನ ಮುಂದೆ ಅತ್ತೆನಲ್ಲೋ," ಎಂದಳು ಗಾನ್ ಅಮ್ಮ. "ಯಾರಿಗೂ ಹೇಳಬೇಡ ಅಂದಿದ್ದೆ. ಈಗ ಅಂಗಡಿಗೆಲ್ಲಾ ಡಂಗುರ ಹೊಡೆದೆ. ನಡಿ ಆಚೆ!"

ಎರಡನೆಯದು ಗ್ಯಾರೇಜಿನ ವೆಂಗ್. ಮೇಲಿನ ಸಾಲು: 'ತಂದೆಗೆ ಎಂಬತ್ತು ತುಂಬಿತು.' ವೆಂಗನ ಬಾಗಿಲಿಗೆ ಹಬ್ಬದ ಕೆಂಪು ಕಾಗದ ಅಂಟಿಸಿರಲಿಲ್ಲ. ಸೂತಕದ ಮನೆ ಎಂದು ತಿಳಿಯಲು ಕಣ್ಣಿದ್ದವರಿಗೆ ಅಷ್ಟು ಸಾಕು. ವೆನ್‌ಕಾಯ್ ಕಣ್ಣು ಫೋನಿನಲ್ಲಿತ್ತು.

"ಹೊಸ ವರ್ಷದ ಶುಭಾಶಯ! ಎಲ್ಲಿ ನಮ್ಮ ಯಜಮಾನರು? ನೂರು ವರ್ಷ ಬಾಳಲಿ!"

ವೆಂಗ್ ಸ್ಪ್ಯಾನರ್ ಕೆಳಗಿಟ್ಟು ನಿಧಾನವಾಗಿ ಎದ್ದ. "ಹೋದ ತಿಂಗಳು ಇಲ್ಲೇ ನಿಂತು, ನನ್ನ ಭುಜ ತಟ್ಟಿ, ಕಣ್ಣೊರೆಸಿಕೊಂಡು ಹೋದೆಯಲ್ಲಯ್ಯಾ. ಅದು ಯಾರ ಅಪ್ಪನಿಗೆ?"

ವೆನ್‌ಕಾಯ್ ಕೇಕಿನ ಡಬ್ಬಿಯನ್ನೂ ಬಿಟ್ಟು ಓಡಿದ. ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು. ಆ ದಿನ ಬಂದ ಕಣ್ಣೀರು ಸುಳ್ಳಲ್ಲ. ಆದರೆ ಅದೂ ಬರೆದಿಟ್ಟ ಮೇಲೆ ಮರೆತುಹೋಗಿತ್ತು.

ಬೀದಿ ಮೂಲೆಯಿಂದ ಆಫೀಸಿಗೆ ಫೋನ್ ಮಾಡಿದ. ಅವನ ಡೈರಿ ಅಲ್ಲಿನ ಕಂಪ್ಯೂಟರಿನಲ್ಲೂ ಇತ್ತು. ಪಕ್ಕದ ಮೇಜಿನ ಸಿಯೋಚಿನ್ ಅಕ್ಕ ಸಂತೋಷದಿಂದ ತೆರೆದಳು. ಇಂಥ ಅವಕಾಶಕ್ಕೆ ಅವಳು ಹತ್ತು ವರ್ಷ ಕಾದಿದ್ದಳು.

"ಲೋ, ನಿನ್ನ ನೂರನೇ ವರ್ಷವೆಲ್ಲಾ ತಳದಲ್ಲಿ ಬಿದ್ದಿದೆ ಕಣೋ! ಇದು ಮೊದಲನೇ ಅಂಕಿ ನೋಡಿ ಜೋಡಿಸುತ್ತೆ. ತೊಂಬತ್ತೊಂಬತ್ತರ ಒಂಬತ್ತು ದೊಡ್ಡದು, ನೂರರ ಒಂದು ಚಿಕ್ಕದು. ಜನವರಿಯಿಂದ ಬರೆದಿದ್ದೆಲ್ಲಾ ಪಾತಾಳಕ್ಕೆ ಹೋಗಿದೆ."

"ಮೆಲ್ಲಗೆ ಅಕ್ಕಾ, ಯಾರಾದರೂ ಕೇಳಿಸ್ಕೊಂಡಾರು."

"ಎಲ್ಲರೂ ಇಲ್ಲೇ ನಿಂತಿದಾರೆ, ಬಿಡು. ಓಹೋ, ನನ್ನ ಹೆಸರೂ ಇದೆಯಾ? 'ಮಗನ ವಿಷಯ ಕೇಳಬಾರದು, ಅರ್ಧ ಗಂಟೆ ಹೋಗುತ್ತದೆ.'" ಹಿಂದೆ ಯಾರೋ ಕಿಸಕ್ಕೆಂದರು. ಅಕ್ಕನ ದನಿ ತಣ್ಣಗಾಯಿತು. "ಸಂತೋಷಪ್ಪಾ. ಇದೊಂದು ಓದಿ ಫೋನ್ ಇಡ್ತೀನಿ. ಲಿಯಾವ್ ದೊಡ್ಡಪ್ಪ, ಜನವರಿ ಆರು: 'ಇಪ್ಪತ್ತನೇ ತಾರೀಖು ಎದೆಯ ಆಪರೇಷನ್. ಆಸ್ಪತ್ರೆಗೆ ಬಂದು ದೊಡ್ಡಮ್ಮನ ಪಕ್ಕ ಕೂತಿರು ಅಂದರು. ತಪ್ಪದೇ ಹೋಗಬೇಕು.'"

ಅಂದು ಫೆಬ್ರವರಿ ಎಂಟು.

ವೆನ್‌ಕಾಯ್ ಫೋನನ್ನು ಜೇಬಿಗೆ ತುರುಕಿದ. ತಂದೆಯಿಲ್ಲದ ಅವನಿಗೆ ಹನ್ನೊಂದು ವರ್ಷದಿಂದ ತಿಂಗಳಿಗೊಂದು ಊಟ ಆ ಮನೆಯಲ್ಲಿ. ಮುನ್ನೂರು ಮನೆಯಲ್ಲಿ ಅವನು ಬೇಕೆಂದು ಹೋಗುತ್ತಿದ್ದ ಮನೆ ಅದೊಂದೇ. ಕೆಂಪು ದೀಪಗಳನ್ನೂ ಲೆಕ್ಕಿಸದೆ ಸ್ಕೂಟರ್ ಓಡಿಸಿದ. ದಾರಿಯುದ್ದಕ್ಕೂ ಬೇಡಿಕೊಂಡದ್ದು ಒಂದನ್ನೇ, ಆ ಬಾಗಿಲಲ್ಲಿ ಕೆಂಪು ಕಾಗದ ಇರಲಿ.

ಇತ್ತು! ದೊಡ್ಡಪ್ಪ ಎದೆಗೊಂದು ದಿಂಬು ಒತ್ತಿಕೊಂಡು ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ವೆನ್‌ಕಾಯ್ ಅವನ ಕಾಲ ಬಳಿ ಕುಸಿದ.

"ತಪ್ಪಾಯ್ತು ದೊಡ್ಡಪ್ಪಾ! ಬರೆದಿಟ್ಟಿದ್ದೆ, ಫೋನು ನುಂಗಿಬಿಡ್ತು. ಅಯ್ಯೋ, ಕಡಲೆಕಾಯಿ ತಿನ್ನಬೇಡಿ! ನಿಮಗೆ ಆಗಲ್ಲ, ಮೈಯೆಲ್ಲಾ ದದ್ದು ಏಳುತ್ತೆ!"

"ಯಾರು ಹೇಳಿದ್ದು?"

"ನೀವೇ! ಮೂರು ವರ್ಷದ ಹಿಂದೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ದೊಡ್ಡಪ್ಪ ಒಂದು ಕಾಳು ಬಾಯಿಗೆ ಹಾಕಿಕೊಂಡ. "ಕಾಯ್, ನೀನು ಆಚೆ ಸ್ಕೂಟರ್ ಹತ್ತಿರ ನಿಂತು ಬರೆಯೋದು ಈ ಕಿಟಕೀಲಿ ಚೆನ್ನಾಗಿ ಕಾಣುತ್ತೆ. ಮೊದಲನೇ ವರ್ಷ ತಮಾಷೆಗೆ ಒಂದು ಸುಳ್ಳು ಹೇಳಿದೆ, ಬರೀತಾನಾ ನೋಡೋಣ ಅಂತ. ಮುಂದಿನ ತಿಂಗಳು ಬಂದವನೇ ಅದನ್ನೇ ಕೇಳಿದೆ. ಆಮೇಲೆ ಬಿಡೋಕೆ ಆಗಲಿಲ್ಲ. ಎಷ್ಟು ಅಕ್ಕರೆಯಿಂದ ಕೇಳ್ತಿದ್ದೆ ನೀನು!"

"ಮೊಣಕಾಲು ನೋವು?"

"ಸುಳ್ಳು."

"ಹುವಾಲಿಯೆನ್‌ನಲ್ಲಿರೋ ಮಗಳು? ಮೊಮ್ಮಗಳು? ಪ್ರತಿ ವರ್ಷ ಆ ಮಗುವಿಗೆ ಉಡುಗೊರೆ ಕೊಟ್ಟಿದೀನಲ್ಲ!"

ದೊಡ್ಡಮ್ಮ ಎದ್ದು ಕಪಾಟು ತೆರೆದಳು. ಪುಟ್ಟ ಬೂಟು, ಬಣ್ಣದ ಪೆನ್ಸಿಲು, ಮೊಲದ ಗೊಂಬೆ, ಎಲ್ಲವೂ ಕಾಗದ ಬಿಚ್ಚದೆ ಸಾಲಾಗಿ ಕೂತಿದ್ದವು. "ನಮಗೆ ಮಕ್ಕಳಿಲ್ಲಪ್ಪಾ," ಎಂದಳು. "ನೀನು ಕೇಳುವಾಗ ಇದ್ದ ಹಾಗೇ ಅನ್ನಿಸ್ತಿತ್ತು."

ವೆನ್‌ಕಾಯ್ ಕಪಾಟಿನಿಂದ ದೊಡ್ಡಪ್ಪನತ್ತ ತಿರುಗಿದ. "ಹನ್ನೊಂದು ವರ್ಷದಲ್ಲಿ ನಿಜ ಅನ್ನೋದು ಒಂದೂ ಹೇಳಲಿಲ್ವಾ ದೊಡ್ಡಪ್ಪಾ?"

"ಹೇಳಿದೆನಲ್ಲ. ಇಪ್ಪತ್ತನೇ ತಾರೀಖು."

ವೆನ್‌ಕಾಯ್ ತಲೆ ತಗ್ಗಿಸಿಕೊಂಡು ಕೇಳಿದ: "ದೊಡ್ಡಮ್ಮಾ, ಅವತ್ತು ನೀವು ಒಬ್ಬರೇ ಕೂತಿದ್ರಾ?"

"ಇಲ್ಲಪ್ಪ. ಆ ಇನ್ನೊಂದು ನೀರಿನ ಕಂಪನಿ ಹುಡುಗ ಆಸ್ಪತ್ರೆಗೆ ಯಂತ್ರ ಮಾರೋಕೆ ಬಂದಿದ್ದ. ನಾನು ಅಳೋದು ನೋಡಿ ಬೆಂಚಿನ ಮೇಲೆ ಕೂತವನು ಐದು ಗಂಟೆ ಏಳಲಿಲ್ಲ. ಪಾಪ, ಶುದ್ಧ ಮರೆಗುಳಿ. ಈಗಲೂ ಬಂದಾಗಲೆಲ್ಲಾ ನನ್ನ ಹೆಸರೇನು ಅಂತ ಕೇಳ್ತಾನೆ."

ಬಂದಾಗಲೆಲ್ಲಾ! ವೆನ್‌ಕಾಯ್ ತಲೆಯೆತ್ತಿ ಅಡುಗೆಮನೆಯತ್ತ ನೋಡಿದ. ತನ್ನ ಕೈಯಾರೆ ಕೂರಿಸಿದ್ದ ಯಂತ್ರ ಅಲ್ಲಿರಲಿಲ್ಲ. ಆ ಜಾಗದಲ್ಲಿ ಹೊಚ್ಚ ಹೊಸದೊಂದು ಹಸಿರು ದೀಪ ಹಚ್ಚಿಕೊಂಡು ನಿಂತಿತ್ತು.

"ಓಡೋಡಿ ಬಂದಿದೀಯ, ಸುಸ್ತಾಗಿದೆ ನಿನಗೆ," ಎಂದು ದೊಡ್ಡಮ್ಮ ಅದರಿಂದಲೇ ಒಂದು ಲೋಟ ಹಿಡಿದು ತಂದುಕೊಟ್ಟಳು.

ವೆನ್‌ಕಾಯ್ ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದ. ನೀರು ಚೆನ್ನಾಗಿಯೇ ಇತ್ತು.