ಭಾವನವರು ಟ್ರಕ್ಕಿನ ಮೂಗು ಇಳಿಸಿದ್ದು

ನಾಲ್ಕೇ ನಾಲ್ಕು ಇಂಚು ಕೆಳಗಿಳಿಸುವುದಕ್ಕೆ ಹಿಮ ಕರಗುವಾಗ ಯೋಚನೆ ಶುರುಮಾಡಿ, ಮೇಪಲ್ ಎಲೆ ಕೆಂಪಾಗುವವರೆಗೂ ಯೋಚಿಸಿದ ಗಂಡಸು ಇಡೀ ಮಿಷಿಗನ್ನಿನಲ್ಲಿ ಒಬ್ಬರೇ. ಅವರು ನಮ್ಮ ಭಾವ!

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವು ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿದ್ದೆವು. ನನ್ನ ಗಂಡನ ಅಣ್ಣ, ಅಂದರೆ ಈ ಭಾವ, ಡೆಟ್ರಾಯಿಟ್ ಆಚೆಯ ವಿಕ್ಸಮ್‌ನಲ್ಲಿ. ಧಾರವಾಡದವರು, ಮೆಕ್ಯಾನಿಕಲ್ ಎಂಜಿನಿಯರು. ನಮ್ಮವರೆಲ್ಲ ಹೊಸ ಕಾರು ಕೊಂಡು, ಅದಕ್ಕೆ ಒರಗಿ ನಿಂತು ಫೋಟೋ ತೆಗೆಸಿ ಊರಿಗೆ ಕಳಿಸುತ್ತಿದ್ದ ಕಾಲವದು. ಭಾವ ಏನು ಮಾಡಿದರು? ಮನೆಯಲ್ಲಿ ಒಳ್ಳೆಯ ಕಾರಿರುವಾಗಲೇ ಇಪ್ಪತ್ತು ವರ್ಷ ಹಳೆಯ ಹಸಿರು ಪಿಕಪ್ ಟ್ರಕ್ಕೊಂದನ್ನು ತಂದು ನಿಲ್ಲಿಸಿದರು! ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಅದು ಸದಾ ಮೂಗೆತ್ತಿಕೊಂಡೇ ನಿಂತಿರುತ್ತಿತ್ತು.

"ಇದರ ಮೂಗು ಇಳಸಬೇಕು," ಎಂದು ಫೋನಿನಲ್ಲಿ ಘೋಷಿಸಿದರು.

ಯಾಕೆ? ಪಕ್ಕದ ಮನೆಯ ಅಮೆರಿಕನ್ನನಿಗೆ "ಸ್ಟೈಲ್" ಎಂದರಂತೆ. ನನ್ನ ಗಂಡನಿಗೆ ಗುರುತ್ವಕೇಂದ್ರದ ಬಗ್ಗೆ ಉಪನ್ಯಾಸವಾಯಿತು. ನಾನು ಕೇಳಿದರೆ, "ಗಾಳಿ ಕಡಿಮಿ ತಡೀತದವಾ," ಎಂದರು. ಗಾಳಿ ಗಮನಿಸುವಷ್ಟು ವೇಗದಲ್ಲಿ ಆ ಟ್ರಕ್ಕು ಎಂದಾದರೂ ಓಡಿತ್ತೇ!

ಯುಗಾದಿಗೆ ನಾವು ವಿಕ್ಸಮ್‌ಗೆ ಹೋದೆವು. ಊಟಕ್ಕೆ ಕೂತರೆ ಅಲ್ಲೂ ಅದೇ ಪುರಾಣ. ಭಾವ ಚಪಾತಿ ಡಬ್ಬಿಯನ್ನೇ ಎಳೆದುಕೊಂಡರು.

"ನೋಡು ತಮ್ಮಾ, ಟ್ರಕ್ಕಿನ ಸ್ಪ್ರಿಂಗ್ ಅಂದ್ರ ಹಿಂಗ. ಉಕ್ಕಿನ ಪಟ್ಟಿ, ಒಂದರ ಮ್ಯಾಲ ಒಂದು. ಎರಡು ಪಟ್ಟಿ ತಗದಿ ಅಂದ್ರ ಗಾಡಿ ಕೆಳಗ ಕೂಡ್ತದ. ಇದು ಒಂದನೇ ಮಾರ್ಗ." ಎರಡು ಚಪಾತಿ ತೆಗೆದು ಪಕ್ಕಕ್ಕಿಟ್ಟರು. "ಎರಡನೇದು, ಹಳೇ ಕಾರಿಂದು ಇಡೀ ಮುಂಭಾಗ ತಂದು ಇದಕ್ಕ ಬೆಸಿಯೋದು. ಮೂರನೇದು, ಎರಡೂ ಗಾಲಿ ಕೂಡಿಸೋ ಅಚ್ಚು ಇರ್ತದಲ್ಲ, ಅದರ ನಡುಭಾಗ ತಗ್ಗಿಸೋದು. ಗಾಲಿ ಇದ್ದಲ್ಲೇ ಇರ್ತದ, ಗಾಡಿ ಇಳೀತದ."

"ಚಪಾತಿ ತಿನ್ಲಿಕ್ಕೆ ಮಾಡೀನ್ರಿ, ಪಾಠಾ ಹೇಳ್ಲಿಕ್ಕೆ ಅಲ್ಲ," ಎಂದರು ಅಕ್ಕ. ಅಕ್ಕ ಅಂದರೆ ಭಾವನವರ ಹೆಂಡತಿ. ಅಷ್ಟರಲ್ಲಿ ನನ್ನ ಗಂಡ ಪಕ್ಕಕ್ಕಿಟ್ಟಿದ್ದ ಎರಡೂ ಪಟ್ಟಿಗಳನ್ನು ಪಲ್ಯದ ಜೊತೆ ಮುಗಿಸಿದ್ದರು!

ಅಕ್ಕ ಮಕ್ಕಳ ಡಾಕ್ಟರು, ನನ್ನಷ್ಟೇ ಗಿಡ್ಡ. ಆ ಜನವರಿಯಲ್ಲಿ ಮನೆಮುಂದಿನ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಎಡ ಮೊಣಕಾಲು ಮುರಿದುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಮೊಣಕಾಲು ಮಡಚಲಿಲ್ಲ. ಕಾರಿನ ಮುಂದಿನ ಸೀಟಿನಲ್ಲಿ ಕಾಲು ಹಿಡಿಸದು, ಕಾಲು ಚಾಚಲು ಜಾಗವಿದ್ದ ಟ್ರಕ್ಕಿಗೆ ಹತ್ತಲಾಗದು. ಎತ್ತಿ ಕೂರಿಸಲು ಭಾವ ಒಮ್ಮೆ ಕೈಚಾಚಿದ್ದಕ್ಕೆ, "ನಾ ಏನು ಅಕ್ಕಿ ಚೀಲೇನ್ರಿ?" ಎಂದು ಸಿಡುಕಿದ್ದರಂತೆ. ಕಾಲು ತೋರಿಸಲು ಆಸ್ಪತ್ರೆಗೆ ಮಾತ್ರ ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕಾಲು ಚಾಚಿಕೊಂಡು ಹೋಗಿಬರುವುದು. ಮಿಕ್ಕಂತೆ ಹೊರಗೆ ಕಾಲಿಟ್ಟಿರಲಿಲ್ಲ. ಕೆಲಸ ಬಿಡುವ ಮಾತನ್ನೂ ಆಡತೊಡಗಿದ್ದರು.

ಮರುದಿನ ಚರ್ಚೊಂದರ ಹಾಲಿನಲ್ಲಿ ಕನ್ನಡದವರ ಹಬ್ಬದೂಟ. "ನೀವು ಹೋಗಿ ಬರ್ರಿ," ಎಂದು ಅಕ್ಕ ಮನೆಯಲ್ಲೇ ಉಳಿದರು. ಭಾವ ಬೆಳಿಗ್ಗೆಯೇ ಎದ್ದು ಟ್ರಕ್ಕಿನ ಪಟ್ಟಿಗಳನ್ನು ಕಳಚಿ, ಒಂದನೇ ಮಾರ್ಗ ಜಾರಿಗೆ ತಂದಿದ್ದರು. ಅಣ್ಣತಮ್ಮಂದಿರ ನಡುವೆ ನಾನು, ನನ್ನ ತೊಡೆಯ ಮೇಲೆ ಬಿಸಿಬೇಳೆಬಾತಿನ ಪಾತ್ರೆ. ಹೊರಟಾಗ ಸುಖವಾಗಿಯೇ ಇತ್ತು, ಜೋಕಾಲಿಯ ಹಾಗೆ. ಆಮೇಲೆ ರೈಲು ಹಳಿ ಬಂತು ನೋಡಿ! ನನ್ನ ತಲೆ ಛಾವಣಿಗೆ, ಬಿಸಿಬೇಳೆಬಾತು ಭಾವನವರ ಅಂಗಿಗೆ. ಟ್ರಕ್ಕು ಮಾತ್ರ ಹಳಿ ದಾಟಿದ ಮೇಲೂ ಕುಣಿಯುತ್ತಲೇ ಇತ್ತು.

"ಭಾವ, ನಿಲ್ಸಿ! ಇಳಿದು ನಡ್ಕೊಂಡೇ ಬರ್ತೀನಿ!"

ಭಾವ ಕಾಲರಿಗೆ ಅಂಟಿದ್ದ ಗೋಡಂಬಿಯನ್ನು ತೆಗೆದು ಬಾಯಿಗೆ ಹಾಕಿಕೊಂಡು, "ಪ್ರಯೋಗ ಯಶಸ್ವಿ! ಈ ಮಾರ್ಗ ಬ್ಯಾಡ ಅಂತ ಗೊತ್ತಾತು," ಎಂದರು.

ಬೇಸಿಗೆಯಲ್ಲಿ ಮತ್ತೆ ಹೋದಾಗ ನನಗೊಂದು ಹೊಸ ಉದ್ಯೋಗ ಕಾದಿತ್ತು. ಭಾವ ಪಟ್ಟಿಗಳನ್ನು ಮತ್ತೆ ಜೋಡಿಸಿ, ಟ್ರಕ್ಕಿನ ಬಾಗಿಲು ತೆರೆದು, ಅಳತೆಯ ಟೇಪು ಹಿಡಿದು ನಿಂತಿದ್ದರು. "ಸೀರಿ ಉಟ್ಟೀಯಲ್ಲ, ಛಲೋ ಆತು. ಹತ್ತು." ಹತ್ತಿದೆ. "ಇಳಿ." ಇಳಿದೆ. ಬಾಗಿಲ ಕೆಳಗೆ ನೆಲಕ್ಕೆ ಒಂದು ಹಲಗೆ ಇಟ್ಟು, "ಮತ್ತ ಹತ್ತು." ಇನ್ನೊಂದು ಹಲಗೆ, ಇನ್ನೊಮ್ಮೆ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು! ಇದೇನು ಸರ್ಕಸ್ಸೇ?

"ಹಂಗಲ್ಲವಾ. ಎಡಗಾಲು ಮಡಚಬ್ಯಾಡ. ನೆಟ್ಟಗ ಇಟ್ಕೊಂಡು ಹತ್ತು."

ನನ್ನ ಬಲಗಾಲು ಟ್ರಕ್ಕಿನ ಮೆಟ್ಟಿಲ ಮೇಲೆಯೇ ನಿಂತುಹೋಯಿತು. ತಿರುಗಿ ಭಾವನವರ ಮುಖ ನೋಡಿದೆ. ಅವರು ಟೇಪಿನಲ್ಲಿ ಏನನ್ನೋ ಬಹಳ ಹೊತ್ತು ಓದುತ್ತಿದ್ದರು.

"ಅಕ್ಕನಿಗೋಸ್ಕರಾನಾ, ಭಾವ?"

"ಆಕಿಗೆ ಹೇಳಬ್ಯಾಡವಾ. ಆಗದಿದ್ರ ಮತ್ತ ಬ್ಯಾಸರ ಮಾಡ್ಕೋತಾಳ."

ಅದಾದ ಮೇಲೆ ನಾನು ಸದ್ದಿಲ್ಲದೆ ಹತ್ತಿ ಇಳಿದೆ. ಎರಡು ಹಲಗೆಯ ಎತ್ತರಕ್ಕೆ ಎಡಗಾಲು ಮಡಚದೆಯೇ ಹತ್ತುವುದಾಯಿತು. ಅಂದರೆ ಟ್ರಕ್ಕು ಇಳಿಯಬೇಕಾದದ್ದು ನಾಲ್ಕು ಇಂಚು.

ಎರಡನೇ ಮಾರ್ಗದಲ್ಲಿ ಟ್ರಕ್ಕಿನ ಚೌಕಟ್ಟನ್ನೇ ಕತ್ತರಿಸಿ ಬೆಸೆಯಬೇಕಿತ್ತು. "ಬೆಸುಗಿ ಬಿಟ್ರ? ಒಳಗ ಆಕಿ ಕೂತಿರ್ತಾಳ," ಎಂದು ಅದನ್ನೂ ಕೈಬಿಟ್ಟರು. ಉಳಿದದ್ದು ಮೂರನೆಯದು. ಪಟ್ಟಿಗಳೆಲ್ಲ ಇದ್ದ ಹಾಗೇ ಇರುತ್ತವೆ, ಆದ್ದರಿಂದ ಮೊಣಕಾಲಿಗೆ ಕುಲುಕಾಟವಿಲ್ಲ. ಡೆಟ್ರಾಯಿಟ್‌ನ ಕುಲುಮೆಯೊಂದರಲ್ಲಿ ಅಚ್ಚನ್ನು ಕಾಯಿಸಿ ಬಾಗಿಸಿ ತಂದರು. ಸೆಪ್ಟೆಂಬರ್ ಪೂರ್ತಿ ಟ್ರಕ್ಕಿನ ಕೆಳಗಿನಿಂದ ಭಾವನವರ ಎರಡು ಪಾದಗಳಷ್ಟೇ ಕಾಣುತ್ತಿದ್ದವಂತೆ. ಅಕ್ಕ ಊಟಕ್ಕೆ ಕರೆಯುತ್ತಿದ್ದದ್ದೂ ಆ ಪಾದಗಳನ್ನೇ!

ಅಕ್ಟೋಬರಿನ ಒಂದು ಭಾನುವಾರ ನಾವೂ ಅಲ್ಲಿದ್ದೆವು. ಅಂಗಳದಲ್ಲಿ ಟ್ರಕ್ಕು ತಲೆ ತಗ್ಗಿಸಿ ನಿಂತಿತ್ತು.

"ಏ, ಸ್ವಲ್ಪ ಹೊರಗ ಬಾ ಇಲ್ಲೆ," ಎಂದು ಭಾವ ಕೂಗಿದರು.

ಅಕ್ಕ ಕೋಲೂರಿಕೊಂಡು ಬಂದರು. ಭಾವ ಬಾಗಿಲು ತೆರೆದು ದೂರ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಕ್ಕ ಟ್ರಕ್ಕನ್ನು ನೋಡಿದರು, ಗಂಡನ ಆ ಕೈಗಳನ್ನು ನೋಡಿದರು. ಕೋಲನ್ನು ನನ್ನ ಕೈಗೆ ಕೊಟ್ಟರು. ಬಾಗಿಲು ಹಿಡಿದು ಬಲಗಾಲಿಟ್ಟರು. ಎಡಗಾಲು ನೆಟ್ಟಗೇ ಒಳಗೆ ಸರಿಯಿತು. ಅಕ್ಕ ಸೀಟಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡರು.

"ಗಾಡಿ ಬಿಡ್ರಿ," ಎಂದರು.

"ಎಲ್ಲಿಗೆ?"

"ಎಲ್ಲಿಗಾದ್ರೂ."

ಭಾವ ಆ ಕಡೆಯಿಂದ ಹತ್ತಿ ಕೂತು ಕೀಲಿಕೈ ತೆಗೆದರು. ಕಣ್ಣು ಮಂಜಾಗಿತ್ತು, ಕೀಲಿಕೈ ಎಲ್ಲೆಲ್ಲೋ ತಾಗುತ್ತಿತ್ತು.

"ಕೊಡ್ರಿಲ್ಲೆ," ಎಂದು ಅಕ್ಕ ಅದನ್ನು ಇಸಿದುಕೊಂಡು, ತಾವೇ ಬಾಗಿ ತಿರುವಿದರು.