ಉಪ್ಪಿಗೆ ಮಾತ್ರ ಬಡವರು

ಮಗಳ ಮದುವೆಗೆ ನಾನು ಪೂರ್ತಿ ತಯಾರಾಗಿದ್ದೆ. ಛತ್ರ ಬುಕ್ ಆಗಿತ್ತು, ಅಡುಗೆ ಭಟ್ಟರು ಗೊತ್ತಾಗಿದ್ದರು, ಧಾರೆ ಸೀರೆಯ ಬ್ಲೌಸ್ ಕೂಡ ಟೈಲರ್ ಹೇಳಿದ ದಿನವೇ ಕೈಗೆ ಬಂದಿತ್ತು. ಬಸವನಗುಡಿಯ ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ಇಷ್ಟು ಸುಸೂತ್ರವಾಗಿ ನಡೆಯುತ್ತಿದೆ ಎಂದರೆ ಏನೋ ಮರೆತಿದ್ದೇವೆ ಎಂದೇ ಅರ್ಥ. ಅದನ್ನು ನೆನಪಿಸಲು ಪದ್ದಕ್ಕ ಹನುಮಂತನಗರದಿಂದ ಆಟೋ ಮಾಡಿಕೊಂಡು ಬಂದರು.

ಪದ್ದಕ್ಕ ನಮ್ಮ ಯಜಮಾನರ ಅಕ್ಕ. ಮನೆತನದಲ್ಲಿ ಯಾವ ಮದುವೆಯಾದರೂ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು ಮೂರೂ ಅವರ ಡಿಪಾರ್ಟ್‌ಮೆಂಟ್. ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ರಾಗವಾಗಿ ಬಯ್ಯುವುದೇ ಬೀಗರ ಹಾಡು. ಬೀಗಿತ್ತಿಯ ಮೂಗು, ಜಡೆ, ಜಿಪುಣತನ, ಏನನ್ನೂ ಬಿಡುವಂತಿಲ್ಲ. ಬಯ್ಯಿಸಿಕೊಂಡವರು ನಗಬೇಕು. ನಕ್ಕು ಸುಮ್ಮನಾದರೂ ಸಾಲದು, ಎದ್ದು ಅಷ್ಟೇ ಚೆನ್ನಾಗಿ ತಿರುಗಿ ಬಯ್ಯಬೇಕು. ಇಂಥ ಸಿವಿಲೈಸ್ಡ್ ಜಗಳ ಬೇರೆ ಎಲ್ಲೂ ಇಲ್ಲ ಎಂದು ನನ್ನ ಅಭಿಪ್ರಾಯ.

"ಈ ಸಲ ನಾನು ಹಾಡಲ್ಲ ಕಣೆ ಲೀಲಾ," ಅಂದರು ಪದ್ದಕ್ಕ, ಕಾಫಿ ಲೋಟ ಕೆಳಗಿಡುತ್ತಾ. "ಮಗಳು ನಿಂದು, ಬೀಗಿತ್ತಿ ನಿಂದು. ಬಯ್ಯೋದೂ ನೀನೇ ಬಯ್ಯಿ."

"ಅಕ್ಕಾ, ನಂಗೆ ಬರಲ್ವಲ್ಲ."

"ಯಾಕೆ ಬರಲ್ಲ? ನಿನ್ನ ಮದುವೇಲಿ ಹಾಡಿದ್ಯಲ್ಲ, ನಾನು ಮರೆತಿಲ್ಲ."

ಮರೆಯುವಂಥದ್ದೂ ಅಲ್ಲ ಅದು. ನಾನು ಕಾನ್ವೆಂಟಿನಲ್ಲಿ ಓದಿದವಳು. ಸ್ಕೂಲ್ ಕಾಯರ್‌ನಲ್ಲಿ ಎಂಟು ವರ್ಷ ಆಲ್ಟೋ ಹಾಡಿದವಳು. ಆಲ್ಟೋ ಎಂದರೆ, ಹಾಡಿನ ನಿಜವಾದ ರಾಗವನ್ನು ಮುಂದಿನ ಸಾಲಿನ ಹುಡುಗಿಯರು ಹಾಡುತ್ತಾರೆ. ಹಿಂದಿನ ಸಾಲಿನ ನಾವು ಅದರ ಕೆಳಗೆ ಗುಂಯ್ ಎನ್ನುತ್ತಿರಬೇಕು. ಒಟ್ಟಿಗೆ ಕೇಳಿದರೆ ಸ್ವರ್ಗ. ಆಲ್ಟೋ ಒಂದನ್ನೇ ಕೇಳಿದರೆ ಪಕ್ಕದ ಮನೆಯಲ್ಲಿ ಮಿಕ್ಸಿ ಓಡಿದ ಹಾಗೆ. ಮದುವೆಯ ದಿನ ಹೊಸ ಸೊಸೆ ಒಂದು ಹಾಡು ಹೇಳಲಿ ಎಂದಾಗ, ನನಗೆ ಗೊತ್ತಿದ್ದ ಒಂದೇ ಒಂದನ್ನು, ಗುಂಯ್ ಎನ್ನುವ ಭಾಗವನ್ನೇ, ಕಣ್ಣು ಮುಚ್ಚಿ ಭಕ್ತಿಯಿಂದ ಹಾಡಿದ್ದೆ. ಮುಗಿಸಿ ಕಣ್ಣು ಬಿಟ್ಟಾಗ ಪದ್ದಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದರು.

"ಶ್ರುತಿ ಸರಿಹೋಯ್ತೇನಮ್ಮಾ? ಇನ್ನು ಹಾಡು ಶುರು ಮಾಡು," ಅಂದಿದ್ದರು.

ಅಂದಿನಿಂದ ಪದ್ದಕ್ಕನ ಬಾಯಲ್ಲಿ 'ಚೆನ್ನಾಗಿದೆ' ಎಂಬ ಒಂದು ಮಾತು ಕೇಳುವುದೇ ನನ್ನ ಜೀವನದ ಆ್ಯಂಬಿಷನ್ ಆಯಿತು. ನನ್ನ ಬಿಸಿಬೇಳೆ ಭಾತಿಗೆ 'ಪರವಾಗಿಲ್ಲ' ಸಿಕ್ಕಿತು. ನನ್ನ ಮಗಳು ಹುಟ್ಟಿದಾಗ 'ಬಣ್ಣ ಬರುತ್ತೆ ಬಿಡು' ಸಿಕ್ಕಿತು. 'ಚೆನ್ನಾಗಿದೆ' ಸಿಗಲಿಲ್ಲ. ಇನ್ನು ಈ ಮದುವೆಯಲ್ಲಿ ಸಿಗದಿದ್ದರೆ ಯಾವಾಗ?

ಆ ವಾರವೇ ಬೆಳಗಿನ ಪೇಪರ್ ಒಳಗಿಂದ ಒಂದು ಗುಲಾಬಿ ಪ್ಯಾಂಫ್ಲೆಟ್ ಜಾರಿ ನನ್ನ ಕಾಲ ಮೇಲೇ ಬಿತ್ತು. ಮಲ್ಲೇಶ್ವರದ ಒಂದು ಹಳೇ ಬಂಗಲೆಯಲ್ಲಿ ಮೂರು ದಿನದ ಕ್ರಿಯೇಟಿವ್ ರಿಟ್ರೀಟ್. ಸಾಂಗ್ ರೈಟಿಂಗ್ ವರ್ಕ್‌ಶಾಪ್. 'ನಿಮ್ಮ ಹಾಡನ್ನು ನೀವೇ ಕಂಡುಕೊಳ್ಳಿ, ಅನುಭವ ಬೇಕಿಲ್ಲ.' ಅನುಭವವಿಲ್ಲದಿರುವುದರಲ್ಲಿ ನನಗಿಂತ ಅನುಭವಸ್ಥರು ಯಾರಿದ್ದರು?

"ಹಾಡು ಬರೆಯೋಕೆ ಮಲ್ಲೇಶ್ವರಕ್ಕೆ ಯಾಕೆ ಹೋಗ್ಬೇಕೇ?" ಅಂದರು ನಮ್ಮ ಯಜಮಾನರು, ಪೇಪರ್‌ನಿಂದ ತಲೆ ಎತ್ತದೆ. "ಬಸವನಗುಡೀಲಿ ಗಾಳಿ ಇಲ್ವಾ?"

"ರೀ, ಅಕ್ಕನಿಗೆ ಹೇಳ್ಬೇಡಿ. ಕೇಳಿದ್ರೆ, ಬೆನ್ನು ನೋವಿಗೆ ಟ್ರೀಟ್‌ಮೆಂಟ್‌ಗೆ ಹೋಗಿದಾಳೆ ಅನ್ನಿ."

"ನಿನಗೆಲ್ಲಿದೆ ಬೆನ್ನು ನೋವು?"

"ಇವತ್ತಿಂದ ಇದೆ."

ರಿಟ್ರೀಟ್ ಎಂಬ ಪದ ನನಗೆ ಹೊಸದೇನಲ್ಲ. ಕಾನ್ವೆಂಟಿನಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿತ್ತು. ದಿನವಿಡೀ ಮೌನ, ತೆಳು ಸೂಪ್, ಪಾಪಗಳ ಚಿಂತನೆ. ಹಾಗೇ ಇರುತ್ತದೆಂದು ಬಿಳಿ ಸೀರೆ ಉಟ್ಟು, ಗಂಭೀರವಾಗಿ ಹೋದೆ. ಬಂಗಲೆಯ ಹಾಲ್‌ನಲ್ಲಿ ಚಾಪೆಗಳ ಮೇಲೆ ಜೀನ್ಸ್ ಹುಡುಗ ಹುಡುಗಿಯರು ಕಾಲು ಚಾಚಿಕೊಂಡು ಕೂತಿದ್ದರು. ಅವರ ನಡುವೆ, ಕಂಬಕ್ಕೆ ಒರಗಿ, ರೇಷ್ಮೆ ಅಂಚಿನ ಕಾಟನ್ ಸೀರೆಯಲ್ಲಿ ಕೂತಿದ್ದವರು ನನ್ನ ಬೀಗಿತ್ತಿ ಕುಮುದ!

ಅಳಿಯನಾಗುವವನ ಸಾಕ್ಷಾತ್ ತಾಯಿ. ಮದುವೆಗೆ ಇನ್ನೂ ತಿಂಗಳಿತ್ತು. ಯಾರನ್ನು ಬಯ್ಯುವುದು ಹೇಗೆಂದು ಕಲಿಯಲು ಹೋಗಿದ್ದೆನೋ ಅವರೇ ಎದುರಿಗೆ.

"ನೀವಿಲ್ಲಿ?" ಅಂದೆ.

"ಬೆನ್ನು ನೋವು," ಅಂದರು ಕುಮುದ, ತಡಮಾಡದೆ. "ಹಾಡಿದ್ರೆ ಹೋಗುತ್ತೆ ಅಂತ ಯಾರೋ ಹೇಳಿದ್ರು. ನಮ್ಮನೆಗೆ ಹತ್ರ ಬೇರೆ. ನೀವು?"

"ನಂಗೂ ಬೆನ್ನೇ."

ಇಬ್ಬರೂ ಬೆನ್ನು ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅವರಿಗೂ ನನ್ನದೇ ಫಜೀತಿ ಇರಬಹುದೆಂಬ ಸಂಶಯ ನನಗೆ ಬರಲೇ ಇಲ್ಲ. ಏಕೆಂದರೆ ಹೆಣ್ಣು ನೋಡಲು ಬಂದ ದಿನ ನನ್ನ ಮಗಳಿಗೆ "ಒಂದು ಹಾಡು ಹೇಳಮ್ಮ" ಎಂದವರೇ ಈ ಕುಮುದ. ಹಾಡಿಸುವವರಿಗೆ ಹಾಡಲು ಬಂದೇ ಬರುತ್ತದೆಂದು ನನ್ನ ನಂಬಿಕೆ. ನಾನೂ ಎಷ್ಟೊಂದು ಸಲ ಬೇರೆಯವರ ಕೈಲಿ ಹಾಡಿಸಿದ್ದೇನೆ ಎಂಬುದು ಹೊಳೆಯಲಿಲ್ಲ.

ಹೇಳಿಕೊಡುವ ಹುಡುಗನ ಹೆಸರು ನಿಖಿಲ್. ಹೆಗಲವರೆಗೆ ಕೂದಲು, ತೊಡೆ ಮೇಲೆ ಗಿಟಾರ್. ನಮ್ಮನ್ನು ಲೀಲಾ, ಕುಮುದಾ ಎಂದೇ ಕರೆದ. ಎಷ್ಟೋ ವರ್ಷದಿಂದ ಆಂಟಿ, ಅಮ್ಮ, ರೀ, ಕಣೇ ಆಗಿದ್ದ ನನಗೆ ಕಾನ್ವೆಂಟಿನ ಸಿಸ್ಟರ್ಸ್ ಅಟೆಂಡೆನ್ಸ್ ಕರೆದ ಹಾಗಾಗಿ "ಪ್ರೆಸೆಂಟ್" ಅಂದುಬಿಟ್ಟೆ.

"ದೇರ್ ಆರ್ ನೋ ರಾಂಗ್ ನೋಟ್ಸ್," ಅಂದ ನಿಖಿಲ್. ಪಾಪ, ಅವನಿಗೆ ಪದ್ದಕ್ಕನ ಪರಿಚಯವಿರಲಿಲ್ಲ.

ಮೊದಲ ದಿನ ಕಣ್ಣು ಮುಚ್ಚಿ ನಮ್ಮ ಉಸಿರು ಕೇಳಿಸಿಕೊಂಡೆವು. ನನ್ನದರ ಜೊತೆಗೆ ಕುಮುದರ ಸಣ್ಣ ಗೊರಕೆಯೂ ಕೇಳಿತು. ಎರಡನೆಯ ದಿನ ಇಬ್ಬಿಬ್ಬರು ಸೇರಿ ಒಂದು ಹಾಡು ಕಟ್ಟಬೇಕೆಂದು ಅಪ್ಪಣೆಯಾಯಿತು. ಹುಡುಗರೆಲ್ಲ ಆಗಲೇ ಜೋಡಿಯಾಗಿದ್ದರು. ಉಳಿದವರು ಇಬ್ಬರು ಬೆನ್ನು ನೋವಿನವರು.

"ನಿಮಗೆ ನಿಜವಾಗಿ ಏನು ಅನ್ನಿಸ್ತಿದೆಯೋ ಅದನ್ನೇ ಬರೀರಿ," ಅಂದ ನಿಖಿಲ್. "ಬಿ ಆನೆಸ್ಟ್."

ನನ್ನ ಮನಸ್ಸಿನಲ್ಲಿದ್ದದ್ದನ್ನು ಬರೆಯೋಣವೆಂದರೆ ಬಯ್ಯಿಸಿಕೊಳ್ಳಬೇಕಾದವರು ಪಕ್ಕದಲ್ಲೇ ಇದ್ದರು. ಆಮೇಲೆ ಕುಮುದ ಮೆಲ್ಲಗೆ, "ನಿಜ ಹೇಳ್ಲಾ ಲೀಲಾ ಅವ್ರೇ? ನಂಗೆ ಹಸಿವಾಗ್ತಿದೆ," ಅಂದರು.

ಆ ಕ್ಷಣ ನಾವು ಹತ್ತಿರವಾದೆವು. ಆ ರಿಟ್ರೀಟಿನ ಊಟದ ವಿಷಯ ಹೇಳಲೇಬೇಕು. ಕೆಂಪಕ್ಕಿ ಅನ್ನ, ಬೇಯಿಸಿದ ಮೊಳಕೆಕಾಳು, ಹಸಿ ಸೊಪ್ಪು. ಉಪ್ಪು ಮನಸ್ಸಿನ ಶಾಂತಿಯನ್ನು ಕೆಡಿಸುತ್ತದಂತೆ, ಅದಕ್ಕೆ ಹಾಕುತ್ತಿರಲಿಲ್ಲ. ಕಾಫಿಯೂ ಇಲ್ಲ. ಕೇಳಿದರೆ ಬಿಸಿನೀರಿನಲ್ಲಿ ಒಂದು ಎಲೆ ತೇಲಿಸಿ ಕೊಡುತ್ತಿದ್ದರು. ಆ ಸಂಕಟ ಹಾಡಾಗಿ ಉಕ್ಕಿತು. ನಾನೊಂದು ಸಾಲು, ಅವರೊಂದು ಸಾಲು.

ಕಲ್ಲಿನಂಥ ಅನ್ನಕ್ಕೆ ನೀರಿನಂಥ ಸಾರು,
ಇವರ ಮನೆಯ ಉಪ್ಪಿನ ಡಬ್ಬಿ ಕದ್ದೊಯ್ದೋರು ಯಾರು?
ಹುಲ್ಲು ತಂದು ಎಲೆಗೆ ಹಾಕಿ ಪಲ್ಯ ಅಂತಾರೆ ತಾಯಿ,
ಮೇಯೋದಕ್ಕೆ ನಮಗುಂಟೇ ಹಸುವಿನಂಥ ಬಾಯಿ?
ದೊಡ್ಡ ಬಂಗ್ಲೆ ಜನರು, ಉಪ್ಪಿಗೆ ಮಾತ್ರ ಬಡವರು!

ರಾಗ ಕುಮುದರದ್ದು, ಉಯ್ಯಾಲೆ ತೂಗಿದ ಹಾಗಿತ್ತು. ಅವರು ಹಾಡುತ್ತಿದ್ದರೆ ನಾನು ಕೆಳಗೆ ಅಭ್ಯಾಸಬಲದಿಂದ ಗುಂಯ್ ಅಂದೆ. ನಿಖಿಲ್ ಗಿಟಾರ್ ನಿಲ್ಲಿಸಿ, "ಲೀಲಾ, ದಟ್ಸ್ ಎ ಬ್ಯೂಟಿಫುಲ್ ಹಾರ್ಮನಿ," ಅಂದ. ನನ್ನ ಕಣ್ಣು ಒದ್ದೆಯಾಯಿತು. ಮನೆಯಲ್ಲಿ ಅದಕ್ಕೆ ಮಿಕ್ಸಿ ಎಂದಲ್ಲದೆ ಬೇರೆ ಹೆಸರಿರಲಿಲ್ಲ.

ಸಂಜೆ ಇಬ್ಬರೂ ಕಾಂಪೌಂಡಿನ ಹಿಂದಿನ ಗೇಟಿನಿಂದ ಹೊರಬಿದ್ದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದೆವು. ಜೊತೆಗೆ ಉದ್ದಿನ ವಡೆ. ಎರಡರಲ್ಲೂ ಉಪ್ಪಿತ್ತು. ವಡೆಯಲ್ಲಿ ಅವರೇ ಹಾಕಿದ್ದು, ಕಾಫಿಯಲ್ಲಿ ನಮ್ಮ ಕಣ್ಣೀರು.

"ಇಲ್ಲಿಗೆ ಬಂದಿದ್ದು ಮನೇಲಿ ಯಾರಿಗೂ ಹೇಳೋದು ಬೇಡ ಆಯ್ತಾ?" ಅಂದರು ಕುಮುದ.

"ದೇವ್ರಾಣೆ ಹೇಳಲ್ಲ," ಅಂದೆ.

ನಿಜವಾದ ಕಾರಣ ಹೇಳಿಬಿಡೋಣ ಎಂದು ಬಾಯಿಯವರೆಗೂ ಬಂತು. ಆದರೆ ಹೆಣ್ಣು ಕೊಡುವವರು ಮದುವೆಗೆ ಮುಂಚೆ ಗಂಡಿನ ಕಡೆಯವರಿಗೆ ಯಾವ ಕೊರತೆಯನ್ನೂ ತೋರಿಸಿಕೊಳ್ಳಬಾರದು. ಗಂಡಿನ ಕಡೆಯವರೂ ಹಾಗೇ ಅಂದುಕೊಳ್ಳುತ್ತಾರೆಂದು ನನಗೇನು ಗೊತ್ತು?

ಮೂರನೆಯ ದಿನ ವಾಪಸ್ ಬರುವ ಬಸ್ಸಿನಲ್ಲಿ ನನಗೊಂದು ಬ್ರಿಲಿಯಂಟ್ ಐಡಿಯಾ ಹೊಳೆಯಿತು. ಬೇರೆ ಹಾಡು ಯಾಕೆ? 'ದೊಡ್ಡ ಬಂಗ್ಲೆ ಜನರು' ಎಂಬಲ್ಲಿ 'ಮಲ್ಲೇಶ್ವರದ ಬೀಗರು' ಎಂದು ಹಾಕಿದರೆ ಫಸ್ಟ್ ಕ್ಲಾಸ್ ಬೀಗರ ಹಾಡು! ಕುಮುದರಿಗೆ ಗುರುತು ಸಿಗುತ್ತದೆ ನಿಜ. ಆದರೆ ಬಾಯಿ ಬಿಟ್ಟರೆ ತಾವೂ ರಿಟ್ರೀಟಿಗೆ ಹೋಗಿದ್ದು ಬಯಲಾಗುತ್ತದೆ. ಆದ್ದರಿಂದ ಸುಮ್ಮನಿರಲೇಬೇಕು. ನನ್ನ ಲಾಜಿಕ್ ಅನ್ನು ನಾನೇ ಮೆಚ್ಚಿಕೊಂಡು ಮೆಜೆಸ್ಟಿಕ್‌ನಲ್ಲಿ ಇಳಿಯುವುದನ್ನೇ ಮರೆತೆ.

ಮದುವೆಯ ದಿನ ಬಂತು. ಬೀಗರು ಊಟಕ್ಕೆ ಕೂತರು. ಬೆಳ್ಳಿ ತಟ್ಟೆಯ ಮೇಲೆ ಬಾಳೆಲೆ, ಸುತ್ತ ರಂಗೋಲಿ. ಮಧ್ಯದಲ್ಲಿ ಕುಮುದ. ಸಾರು ಬಡಿಸಿದ್ದಾಯಿತು. ಪದ್ದಕ್ಕ ನನ್ನ ಬೆನ್ನಿಗೆ ಒಂದು ತಿವಿದು, "ಹೂಂ, ಶ್ರುತಿ ಆಮೇಲೆ. ನೇರವಾಗಿ ಹಾಡು," ಅಂದರು.

ಹಾಡಿದೆ. ಎರಡು ದಿನ ಕುಮುದರ ಬಾಯಲ್ಲಿ ಕೇಳಿದ್ದರಿಂದ ನಿಜವಾದ ರಾಗವೇ ಬಂತು. 'ಕಲ್ಲಿನಂಥ ಅನ್ನಕ್ಕೆ' ಎಂಬಲ್ಲಿಗೇ ಕುಮುದರ ಕೈ ಎಲೆಯ ಮೇಲೆ ನಿಂತಿತು. ಮುಖ ಬಿಳಿಚಿಕೊಂಡಿತು. ಸರಿಯಾಗಿ ತಾಗಿತು ಎಂದುಕೊಂಡೆ. 'ಮಲ್ಲೇಶ್ವರದ ಬೀಗರು, ಉಪ್ಪಿಗೆ ಮಾತ್ರ ಬಡವರು' ಎಂದು ಮುಗಿಸಿದಾಗ ಛತ್ರವೆಲ್ಲ ನಗು. ಪಕ್ಕಕ್ಕೆ ನೋಡಿದೆ. ಪದ್ದಕ್ಕನ ತುಟಿ ತೆರೆದಿತ್ತು. 'ಚೆ' ಎಂಬ ಅಕ್ಷರ ಅಲ್ಲಿ ಬಂದು ಕೂತಿದ್ದನ್ನು ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಗಂಡಿನ ಕಡೆಯವರು, "ಉತ್ತರ ಕೊಡಿ ಕುಮುದಾ! ಮಲ್ಲೇಶ್ವರದ ಮಾನ ಉಳಿಸಿ!" ಎಂದು ಕೂಗಿದರು.

ಕುಮುದ ಎದ್ದು ನಿಂತರು. ನನ್ನನ್ನು ಒಂದು ಸಲ ನೋಡಿದರು. ಪರೀಕ್ಷೆಗೆ ಒಂದೇ ಪಾಠ ಓದಿಕೊಂಡು ಬಂದ ಹುಡುಗಿಯ ನೋಟ ಅದು. ನನಗೆ ಅರ್ಥವಾಯಿತು. ಆದರೆ ತಡವಾಗಿತ್ತು.

"ಕಲ್ಲಿನಂಥ ಅನ್ನಕ್ಕೆ ನೀರಿನಂಥ ಸಾರು..."

ಗಂಡಿನ ಸೋದರಮಾವ, "ಇದೇನ್ರೀ, ಕ್ಯಾಸೆಟ್ ರಿವೈಂಡ್ ಆಯ್ತಾ?" ಅಂದರು.

ಕುಮುದ ನಿಲ್ಲಿಸಲಿಲ್ಲ. ಧ್ವನಿ ನಡುಗುತ್ತಿತ್ತು. ಒಂಟಿಯಾಗಿ ಹಾಡುವವರ ಸಂಕಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೆ ಅರಿವಾಗುವ ಮುಂಚೆಯೇ ನನ್ನ ಗಂಟಲು ಕೆಳಗಿನಿಂದ ಗುಂಯ್ ಎಂದು ಅವರಿಗೆ ಆತುಕೊಂಡಿತು. ಅವರ ಧ್ವನಿ ಗಟ್ಟಿಯಾಯಿತು. ಹೀಗೆ ಹೆಣ್ಣಿನ ತಾಯಿಯೂ ಗಂಡಿನ ತಾಯಿಯೂ ಸೇರಿ, ಎರಡು ಸ್ವರದಲ್ಲಿ, ಪೂರ್ತಿ ಹಾರ್ಮನಿಯಲ್ಲಿ, 'ಬಸವನಗುಡಿ ಬೀಗರು, ಉಪ್ಪಿಗೆ ಮಾತ್ರ ಬಡವರು' ಎಂದು ನನ್ನ ಮನೆತನದ ಮಾನ ಕಳೆದೆವು.

ಆ ನಗು ಗಾಂಧಿಬಜಾರಿನವರೆಗೂ ಕೇಳಿರಬೇಕು. ನಗದೇ ಇದ್ದವರು ಅಡುಗೆ ಭಟ್ಟರೊಬ್ಬರೇ. ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಉಪ್ಪಿಲ್ಲ ಉಪ್ಪಿಲ್ಲ ಅಂತ ಎರಡು ಕಡೆಯೋರೂ ಹೇಳ್ತಿದೀರಲ್ಲಮ್ಮ? ಒಬ್ರು ಅಂದ್ರೆ ತಮಾಷೆ ಅನ್ಕೋಬಹುದು."

ಎಷ್ಟು ಸಮಾಧಾನ ಹೇಳಿದರೂ ಕೇಳದೆ ಒಳಗೆ ಹೋದರು. ಎರಡನೆಯ ಪಂಕ್ತಿಯ ಸಾರು ಸಮುದ್ರವಾಗಿತ್ತು. ನಮ್ಮ ಯಜಮಾನರು ಕೂತಿದ್ದು ಎರಡನೆಯ ಪಂಕ್ತಿಯಲ್ಲಿ.

ಕೈ ತೊಳೆಯುವ ಕಡೆ ಪದ್ದಕ್ಕ ನಮ್ಮಿಬ್ಬರನ್ನೂ ಹಿಡಿದರು. ಕುಮುದ ಬೆನ್ನು ಒತ್ತಿಕೊಳ್ಳುತ್ತಿದ್ದರು. ನಾನೂ.

"ಬೆನ್ನು ನೋವಾ?" ಅಂದರು ಪದ್ದಕ್ಕ. "ಇಬ್ರಿಗೂ ಒಬ್ರೇ ಡಾಕ್ಟ್ರು ಅನ್ಸುತ್ತೆ."

'ಚೆನ್ನಾಗಿದೆ' ಮಾತ್ರ ಬರಲಿಲ್ಲ.

ನನಗೆ ಉಳಿದಿದ್ದ ಒಂದೇ ಆಸೆ ಮದುವೆಯ ವಿಡಿಯೋ. ನೇರವಾಗಿ ಕೇಳಿದಾಗ ಗಲಾಟೆಯಲ್ಲಿ ಗೊತ್ತಾಗಿರಲಿಕ್ಕಿಲ್ಲ, ಟಿವಿಯಲ್ಲಿ ನಿಧಾನವಾಗಿ ಕೇಳಿದರೆ ಆ ಹಾರ್ಮನಿ ಪದ್ದಕ್ಕನ ಹೃದಯಕ್ಕೆ ಇಳಿದೀತು ಎಂದು ಕಾಯುತ್ತಿದ್ದೆ. ಕ್ಯಾಸೆಟ್ ಬಂದ ಭಾನುವಾರ ಪದ್ದಕ್ಕನನ್ನೂ ಕುಮುದರನ್ನೂ ಊಟಕ್ಕೆ ಕರೆದೆ. ಧಾರೆ ಆಯಿತು, ಸಪ್ತಪದಿ ಆಯಿತು, ಊಟದ ಪಂಕ್ತಿ ಬಂತು. ನಾನು ವಾಲ್ಯೂಮ್ ಜಾಸ್ತಿ ಮಾಡಿದೆ.

ಸ್ಟುಡಿಯೋದವನು ಕಲಾವಿದ. ನಮ್ಮ ಧ್ವನಿಯನ್ನು ಪೂರ್ತಿ ಅಳಿಸಿ, ಆ ಜಾಗಕ್ಕೆ ಒಂದು ಸಿನಿಮಾ ಹಾಡು ಕೂರಿಸಿದ್ದ. ಅದೂ ಪ್ರೇಮಗೀತೆ. ಪರದೆಯ ಮೇಲೆ ನಾನೂ ಕುಮುದರೂ ಒಬ್ಬರನ್ನೊಬ್ಬರು ನೋಡಿಕೊಂಡು, ತೊಟ್ಟಿಯ ಮೀನುಗಳ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದೆವು. ಯಾರೋ ಇಪ್ಪತ್ತರ ಹುಡುಗಿ ಇಂಪಾಗಿ ಹಾಡುತ್ತಿದ್ದಳು. ಮಧ್ಯೆ ಮಧ್ಯೆ ನಮ್ಮಿಬ್ಬರ ಸುತ್ತ ಹೃದಯದ ಆಕಾರದ ಚೌಕಟ್ಟು ಬೇರೆ ಬರುತ್ತಿತ್ತು.

ಪದ್ದಕ್ಕ ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ನಾನು ಎಂದೂ ಕಾಣದಿದ್ದ ವಾತ್ಸಲ್ಯ.

"ಈಗ ಚೆನ್ನಾಗಿದೆ ಕಣೆ ಲೀಲಾ," ಅಂದರು.

ಕುಮುದ ನನ್ನನ್ನು ನೋಡಿದರು, ನಾನು ಕುಮುದರನ್ನು. ಆ ಕ್ಷಣ ನಮ್ಮಿಬ್ಬರಿಗೂ ನಿಜವಾಗಿಯೇ ಬೆನ್ನು ನೋವು ಶುರುವಾಯಿತು.