ಸವಾರಿಯಪ್ಪನ ಹಳೇ ಪೆಟ್ರೋಲು

ಆ ಕಾರು ಹೋದ ಚಳಿಗಾಲದಿಂದ ಷೆಡ್ಡು ಬಿಟ್ಟು ಹೊರಗೆ ಬಂದಿರಲಿಲ್ಲ. ಆದರೂ ಅದು ನೋಡದ ಊರಿರಲಿಲ್ಲ. ಕನ್ನಡಕದ ಅಂಗಡಿ ಮುಚ್ಚಿ ಮನೆಗೆ ಬಂದ ಸವಾರಿಯಪ್ಪ ಸೀದಾ ಷೆಡ್ಡಿಗೆ ಹೋಗಿ, ಸ್ಟಿಯರಿಂಗ್ ಹಿಡಿದು ಕೂತು, ಕಣ್ಣು ಅರ್ಧ ಮುಚ್ಚಿದರೆ ಆಯಿತು. ಎದುರಿನ ಸುಣ್ಣದ ಗೋಡೆಯ ಮೇಲೆ ಬೆಟ್ಟ ಏಳುತ್ತಿತ್ತು, ಬೆಟ್ಟ ಇಳಿದರೆ ಸೇತುವೆ, ಸೇತುವೆ ದಾಟಿದರೆ ಸಮುದ್ರ. ಗಾಲಿ ಮರಳಿಗೆ ತಾಗುವ ಹೊತ್ತಿಗೆ ಸರಿಯಾಗಿ ಹೆಂಡತಿ ಬಂದು ಕಿಟಕಿಯ ಗಾಜು ತಟ್ಟುತ್ತಿದ್ದಳು.

"ಊರು ತಲುಪಿದ್ರೆ ಇಳೀರಿ, ಊಟಕ್ಕೆ ಹೊತ್ತಾಯ್ತು."

ಬೀದಿಯವರು ಅವನಿಗೆ ಸವಾರಿಯಪ್ಪ ಎಂದೇ ಹೆಸರಿಟ್ಟಿದ್ದರು. ನಿಜವಾದ ರಸ್ತೆಯಲ್ಲಿ ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಷೆಡ್ಡಿನೊಳಗೆ ಆ ಕಾಟವಿರಲಿಲ್ಲ. ಬ್ಯಾಟರಿಗೆ ಮಾತ್ರ ತಪ್ಪದೆ ಚಾರ್ಜ್ ಹಾಕಿಸುತ್ತಿದ್ದ. ಅಷ್ಟು ದೂರದ ಪ್ರಯಾಣಕ್ಕೆ ರೇಡಿಯೊ ಬೇಡವೇ?

ಕಾರು ಅವನದಲ್ಲ, ಮಾವನದು. ಕಣ್ಣಿನ ಪೊರೆ ತೆಗೆಸಿಕೊಂಡಾಗ ಮಾವ ಟ್ಯಾಂಕಿಗೆ ಪೆಟ್ರೋಲು ಹಾಕಿಸಿ, "ಸ್ವಲ್ಪ ದಿನ ನಿಮ್ಮಲ್ಲಿರಲಿ, ಅಳಿಯಂದಿರೇ" ಎಂದು ಬಿಟ್ಟುಹೋಗಿದ್ದರು. ಆ ಸ್ವಲ್ಪ ದಿನ ಮುಗಿಯದೇ ಇರಲಿ ಎಂದು ಸವಾರಿಯಪ್ಪ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಆದರೆ ಒಂದು ಭಾನುವಾರ ಬೆಳಿಗ್ಗೆ ಮಾವನ ಫೋನು ಬಂತು.

"ಸಂಜೆ ಬರ್ತೀನಿ. ಕಾರಿನ ವಿಷ್ಯ ಇವತ್ತೇ ಇತ್ಯರ್ಥ ಮಾಡ್ಬಿಡೋಣ. ಓಡುತ್ತೆ ತಾನೆ?"

"ಓಡದೇ ಏನು ಮಾವ, ದಿನಾ ಓಡುತ್ತೆ" ಎಂದ ಸವಾರಿಯಪ್ಪ. ಅವನ ಪಾಲಿಗೆ ಅದು ಸುಳ್ಳೇನೂ ಆಗಿರಲಿಲ್ಲ.

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಇತ್ಯರ್ಥ ಅಂದ್ರೆ ಏನು ಗೊತ್ತಾ? ಓಡದಿದ್ರೆ ಎತ್ಕೊಂಡು ಹೋಗಿ ಭಾವಂಗೆ ಕೊಡ್ತಾರೆ. ಇಟ್ಕೊಳ್ಳೋಕೆ ಬರದವ್ರಿಗೆ ಕಾರ್ ಯಾಕೆ ಅಂತಾರೆ."

ಭಾವ ಎಂದರೆ ಅವಳ ಅಕ್ಕನ ಗಂಡ, ಸವಾರಿಯಪ್ಪನ ಷಡ್ಡಕ. ಅವನಿಗೆ ಆ ಕಾರಿನ ಮೇಲೆ ಮೊದಲಿನಿಂದಲೂ ಕಣ್ಣು. ಸವಾರಿಯಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿಹೋಗಿ ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ಒಮ್ಮೆ ಸೀನಿತು, ಆಮೇಲೆ ಸುಮ್ಮನಾಯಿತು.

ಸದ್ದು ಕೇಳಿ ಮೊದಲು ಬಂದವರು ಪಕ್ಕದ ಮನೆಯ ಕೆಮಿಸ್ಟ್ರಿ ಮೇಷ್ಟ್ರು. ಪಾಠ ಹೇಳಲು ಮಕ್ಕಳಿಲ್ಲದೆ ನಿವೃತ್ತಿಯ ದಿನಗಳನ್ನು ಕಷ್ಟದಿಂದ ತಳ್ಳುತ್ತಿದ್ದವರು.

"ಪೆಟ್ರೋಲ್ ಯಾವಾಗಿಂದು?"

"ಚಳಿಗಾಲದ್ದು ಸಾರ್."

"ಹೋಯ್ತು ಬಿಡಿ! ಈಗಿನ ಪೆಟ್ರೋಲಲ್ಲಿ ಎಥನಾಲ್ ಬೆರೆಸಿರ್ತಾರೆ. ಅದಕ್ಕೆ ನೀರಂದ್ರೆ ಪ್ರಾಣ. ಗಾಳಿಲಿರೋ ತೇವಾನೆಲ್ಲಾ ಎಳ್ಕೊಳ್ಳುತ್ತೆ. ಜಾಸ್ತಿ ಆದಾಗ ಪೆಟ್ರೋಲನ್ನ ಬಿಟ್ಟು, ನೀರಿನ ಜೊತೆ ಟ್ಯಾಂಕಿನ ತಳದಲ್ಲಿ ಸಂಸಾರ ಹೂಡುತ್ತೆ. ಇಂಜಿನ್ ಕುಡಿಯೋದು ಆ ತಳದ್ದನ್ನೇ. ನಂಬಿಕೆ ಇಲ್ದಿದ್ರೆ ಒಂದು ಗಾಜಿನ ಬಾಟ್ಲಿ ತನ್ನಿ."

ಸವಾರಿಯಪ್ಪ ಅಡುಗೆಮನೆಯಿಂದ ಸಕ್ಕರೆಯ ಗಾಜಿನ ಭರಣಿಯನ್ನೇ ಖಾಲಿ ಮಾಡಿ ತಂದ. ಟ್ಯಾಂಕಿಗೆ ರಬ್ಬರ್ ಪೈಪು ಇಳಿಸಿ ಬಾಯಲ್ಲಿ ಎಳೆದಾಗ, ಮೊದಲ ಗುಟುಕು ಭರಣಿಗೆ ಹೋಗುವ ಬದಲು ಗಂಟಲಿಗೆ ಹೋಯಿತು. ಥೂ ಥೂ ಎಂದು ಉಗಿದು ಕಣ್ಣೊರೆಸಿಕೊಂಡು ನೋಡಿದರೆ, ಭರಣಿಯಲ್ಲಿ ಮೇಲೊಂದು ತಿಳಿಹಳದಿ ಪದರ, ಕೆಳಗೊಂದು ಮಬ್ಬು ಪದರ. ನಡುವೆ ಗೆರೆ ಎಳೆದ ಹಾಗೆ ದಿಗಂತ. ಸವಾರಿಯಪ್ಪ ಭರಣಿಯನ್ನು ಬಿಸಿಲಿಗೆ ಹಿಡಿದ. ಅದೇ ಸಮುದ್ರ! ದಿನಾ ಸಂಜೆ ಸುಣ್ಣದ ಗೋಡೆಯಾಚೆ ಕಾಣುತ್ತಿದ್ದ ಸಮುದ್ರ ಸಕ್ಕರೆ ಭರಣಿಯಲ್ಲಿ ಮೆಲ್ಲಗೆ ತುಳುಕುತ್ತಿತ್ತು. ಅವನಿಗೆ ಅದನ್ನು ಚೆಲ್ಲಲು ಮನಸ್ಸೇ ಬರಲಿಲ್ಲ.

"ಏನ್ರೀ ನೋಡ್ತಾ ನಿಂತಿದೀರಿ, ಮಾವ ಬರ್ತಾರೆ!" ಎಂದರು ಮೇಷ್ಟ್ರು. ಮಾವನ ಸುದ್ದಿ ಆಗಲೇ ಬೀದಿಗೆಲ್ಲ ಗೊತ್ತಾಗಿತ್ತು.

ಎರಡನೆಯವನಾಗಿ ಬಂದ ಗ್ಯಾರೇಜಿನವನು ಬಾನೆಟ್ ಎತ್ತಿ ಲೊಚಗುಟ್ಟಿದ. "ನೋಡಿ, ರಬ್ಬರ್ ಪೈಪು ಹೇಗೆ ಊದ್ಕೊಂಡಿದೆ. ಹಳೇ ಗಾಡಿ ರಬ್ಬರಿಗೆ ಎಥನಾಲ್ ಆಗಿಬರಲ್ಲ. ಟ್ಯಾಂಕಲ್ಲಿ ಅಂಟಿದ್ದ ಕೊಳೆನೆಲ್ಲ ಎಬ್ಬಿಸಿ ಫಿಲ್ಟರಿಗೆ ತುಂಬಿದೆ." ಟ್ಯಾಂಕು ಬಸಿದು ತೊಳೆದು, ಪೈಪು, ಫಿಲ್ಟರು ಬದಲಿಸುವ ಹೊತ್ತಿಗೆ ಮಧ್ಯಾಹ್ನ ಕಳೆಯಿತು. ಸವಾರಿಯಪ್ಪ ಊಟಕ್ಕೆಂದು ಅಡುಗೆಮನೆಗೆ ಕಾಲಿಟ್ಟು ಒಂದು ಸಲ ತೇಗಿದ.

"ಅಲ್ಲೇ ನಿಲ್ಲಿ! ಒಲೆ ಹಚ್ಚಿದೀನಿ!" ಎಂದು ಹೆಂಡತಿ ಕೂಗಿಕೊಂಡಳು. ತಟ್ಟೆ ಅಂಗಳಕ್ಕೇ ಬಂತು.

ಇನ್ನು ಹೊಸ ಪೆಟ್ರೋಲು. ಯಾವುದು ಎಂಬಲ್ಲಿ ಯುದ್ಧ ಶುರುವಾಯಿತು.

"ದುಬಾರಿದೇ ಹಾಕ್ಸಿ. ಆಕ್ಟೇನ್ ನಂಬರ್ ಜಾಸ್ತಿ ಇದ್ದಷ್ಟೂ ಗಾಡಿ ಹಾರುತ್ತೆ" ಎಂದ ಗ್ಯಾರೇಜಿನವನು.

"ಹಾರೋಕೆ ಅದೇನು ವಿಮಾನವೇ? ಒತ್ತಡಕ್ಕೆ ತಾನಾಗೇ ಹೊತ್ಕೊಳ್ದೆ ಎಷ್ಟು ತಡ್ಕೊಳ್ಳುತ್ತೆ ಅನ್ನೋದಷ್ಟೇ ಆ ನಂಬರು. ಈ ಮುದಿ ಇಂಜಿನ್ನು ಒತ್ತೋದೇ ಕಮ್ಮಿ. ಮಾಮೂಲಿ ಸಾಕು" ಎಂದರು ಮೇಷ್ಟ್ರು.

"ಇಂಜಿನ್ ಬಿಚ್ಚಿದೀರಾ ಸಾರ್ ಎಂದಾದ್ರೂ?"

"ನೀನು ಪುಸ್ತಕ ಬಿಚ್ಚಿದೀಯೇನಯ್ಯಾ?"

ಜಗಳ ಅಲ್ಲೇ ಬಿಟ್ಟು ಸವಾರಿಯಪ್ಪ ಡಬ್ಬಿ ಹಿಡಿದು ಬಂಕಿಗೆ ನಡೆದ. ಅಲ್ಲಿ ಕೆಂಪು, ಹಸಿರು, ನೀಲಿ ಪೈಪುಗಳು ಸಾಲಾಗಿ ತೂಗಾಡುತ್ತಿದ್ದವು. ಬಿಸಿಲಿಗೆ ಪೆಟ್ರೋಲಿನ ಆವಿ ಅಲೆಅಲೆಯಾಗಿ ಏಳುತ್ತಿತ್ತು, ಆಚೆ ಬದಿಯ ರಸ್ತೆ ನೀರಿನ ಹಾಗೆ ನಡುಗುತ್ತಿತ್ತು. ಆ ನೀರಿನ ಮೇಲೆ ಮಾವನ ಕಾರು ತೇಲುತ್ತಾ ಹೋಯಿತು, ಒಳಗೆ ತಾನು, ಪಕ್ಕದಲ್ಲಿ ಹೆಂಡತಿ, ಅವಳ ಸೆರಗು ಕಿಟಕಿಯಿಂದಾಚೆ ಹಾರುತ್ತಿದೆ...

"ಮಾಮೂಲಾ ಸಾರ್?" ಎಂದ ಬಂಕಿನವನು.

"ಹೂಂ."

"ದುಬಾರಿದಾ?"

"ಹೂಂ."

"ಎಥನಾಲ್ ಇಲ್ಲದ್ದೂ ಇದೆ, ಅದಾ?"

"ಹೂಂ..."

ಬಂಕಿನವನು ಹಣೆ ಚಚ್ಚಿಕೊಂಡು ಯಾವುದೋ ಒಂದನ್ನು ತುಂಬಿಸಿ ಕಳಿಸಿದ. ಯಾವುದೆಂದು ಸವಾರಿಯಪ್ಪನಿಗೆ ಕೊನೆಗೂ ತಿಳಿಯಲಿಲ್ಲ.

ಅದು ಹೊಟ್ಟೆಗೆ ಬಿದ್ದದ್ದೇ ಕಾರಿಗೆ ಪ್ರಾಣ ಬಂತು. ಕೆಮ್ಮಿಲ್ಲ, ಸೀನಿಲ್ಲ, ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. "ಹೇಳ್ಲಿಲ್ವಾ, ದುಬಾರಿದು!" ಎಂದ ಗ್ಯಾರೇಜಿನವನು. "ಮಾಮೂಲಿ, ನಾನಂದಂಗೇ ಆಯ್ತು!" ಎಂದರು ಮೇಷ್ಟ್ರು. ಸವಾರಿಯಪ್ಪ ಇಬ್ಬರಿಗೂ ಹೂಂ ಅಂದ. ಕಾರು ಉಳಿಯಿತಲ್ಲ, ಅವನಿಗೆ ಅಷ್ಟು ಸಾಕಾಗಿತ್ತು.

ಮಾವ ಬಂದವರು ಚಹಾ ಕೂಡ ಕುಡಿಯದೆ ಕಾರಿನಲ್ಲಿ ಕೂತರು. ಅಳಿಯನ ಅಂಗಡಿಯಲ್ಲೇ ಮಾಡಿಸಿದ ಹೊಸ ಕನ್ನಡಕ ಏರಿಸಿ, ಬೀದಿಯನ್ನು ಒಂದು ಸುತ್ತು ಹಾಕಿ ಬಂದರು. ಮುಖ ಊರಗಲವಾಗಿತ್ತು.

"ಭೇಷ್, ಅಳಿಯಂದಿರೇ! ನನ್ನ ಕೈಲಿದ್ದಾಗ್ಲೂ ಇಷ್ಟು ಚೆನ್ನಾಗಿ ಓಡ್ಲಿಲ್ಲ. ನೀವು ದಿನಾ ಓಡುತ್ತೆ ಅಂದ್ರೂ ನಾನೇನಂದ್ಕೊಂಡಿದ್ದೆ ಗೊತ್ತಾ? ಇಷ್ಟು ದಿನ ನಿಂತ ಗಾಡಿ, ಕೆಟ್ಟು ಮೂಲೆ ಸೇರಿರುತ್ತೆ, ನಿಮಗೇ ಬಿಟ್ಟುಕೊಟ್ಟು ಕೈ ತೊಳ್ಕೊಳ್ಳೋಣ ಅಂತ ಬಂದಿದ್ದೆ."

ಸವಾರಿಯಪ್ಪ ಬಾಯಿ ತೆರೆದ. ಪೆಟ್ರೋಲಿನ ತೇಗೊಂದು ಹೊರಗೆ ಬಂತು.

"ಈಗ ಬಿಟ್ಟುಕೊಡೋಕಾಗುತ್ತಾ ಹೇಳಿ! ನೀವು ಮಾಡಿಕೊಟ್ಟ ಕನ್ನಡಕದಲ್ಲಿ ರಸ್ತೆ ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಅಂತೀರಿ! ನಾನೇ ಓಡಿಸ್ತೀನಿ. ಸಮುದ್ರದ ಕಡೆ ಹೋಗಿ ಬರಬೇಕು ಅಂತ ಎಷ್ಟು ದಿನದ ಆಸೆ."

ಕಾರು ಹೊರಟಿತು. ಬೀದಿಯ ತಿರುವಿನಲ್ಲಿ ಒಮ್ಮೆ ಸಣ್ಣಗೆ ಕೆಮ್ಮಿತು. ಸವಾರಿಯಪ್ಪ ಎರಡೂ ಕೈ ಜೋಡಿಸಿ, ತಳದಲ್ಲಿ ಒಂದು ಚೂರು ನೀರಾದರೂ ಉಳಿದಿರಲಪ್ಪಾ ಎಂದುಕೊಂಡ. ಕಾರು ಗುರುಗುಟ್ಟುತ್ತಾ ತಿರುವು ದಾಟಿತು.

ಹೊತ್ತು ಮುಳುಗುವಾಗ ಅವನು ಖಾಲಿ ಷೆಡ್ಡಿನಲ್ಲಿ ಡಬ್ಬಿ ಬೋರಲು ಹಾಕಿಕೊಂಡು, ಸುಣ್ಣದ ಗೋಡೆ ನೋಡುತ್ತಾ ಕೂತಿದ್ದ. ಬೆಟ್ಟವೂ ಇಲ್ಲ, ಸೇತುವೆಯೂ ಇಲ್ಲ. ತಟ್ಟಲು ಗಾಜಿಲ್ಲದೆ ಹೆಂಡತಿ ಅವನ ಭುಜ ತಟ್ಟಿದಳು. ಊಟಕ್ಕೆ ಕರೆಯಲಿಲ್ಲ. ಸ್ಟೂಲೊಂದನ್ನು ಎಳೆದು ತಂದು, ಅವನ ಎಡಕ್ಕೆ ಹಾಕಿ ಕೂತಳು. ಆಮೇಲೆ ಸೆರಗನ್ನು ಸ್ವಲ್ಪ ಸಡಿಲ ಬಿಟ್ಟಳು.

"ಹೊರಡಿ ಮತ್ತೆ" ಎಂದಳು. "ದಾರಿಲೆಲ್ಲೂ ಪೆಟ್ರೋಲ್ ಮಾತ್ರ ಹಾಕಿಸ್ಬೇಡಿ."